ಆಂಕಿ ಡೆಕ್ ಅಪ್‌ಡೇಟ್: ಚೀಟ್ ಕಾರ್ಡ್ ಕೊನೆಗೂ ದಾರಿಗೆ ಬಂತು

ಆಂಕಿ ಅಂದ್ರೆ ಪದ ನೆನಪಿಟ್ಕೊಳ್ಳೋಕೆ ಬಳಸೋ ಫ್ಲ್ಯಾಶ್‌ಕಾರ್ಡ್ ಆ್ಯಪ್, ಡೆಕ್ ಅಂದ್ರೆ ಅದರಲ್ಲಿ ಒಂದು ಕಾರ್ಡ್ ಕಟ್ಟು. ನನ್ನ ಇಂಗ್ಲಿಷ್-ಫ್ರೆಂಚ್ ಸತ್ಯ-ಮೋಸದ ಡೆಕ್ಕಲ್ಲಿ ಆನೆಸ್ಟ್‌ಗೆ ಒನೆತ್, ಡಿಸ್‌ಆನೆಸ್ಟ್‌ಗೆ ಮಾಲೊನೆತ್, ಇವೆಲ್ಲ ಮುಂದೊಂದು ಪದ ಹಿಂದೊಂದು ಪದ ಇರೋ ಬೇಸಿಕ್ ಕಾರ್ಡಲ್ಲೇ ಕೂತ್ಕೊಂಡ್ವು, ಬರೆಯೋಕೇನಿಲ್ಲ. ತಲೆ ತಿಂದಿದ್ದು ಚೀಟ್. ಹಿಂದು-ಮುಂದು ತಿರುಗಿಸಿ ಕೇಳೋ ರಿವರ್ಸ್ ಕಾರ್ಡ್ ಹಾಕಿದ್ರೆ ಮುಂದೆ ಬರೀ ಚೀಟ್ ಅಂತ ಬರುತ್ತೆ, ಹಿಂದೆ ಯಾವ ಪದ ಇದೆ ಅಂತ ಹೇಗ್ರೀ ಗೊತ್ತಾಗ್ಬೇಕು? ಪರೀಕ್ಷೇಲೋ ಇಸ್ಪೀಟಲ್ಲೋ ಆದ್ರೆ ತ್ರಿಶೇ, ಗಂಡ ಹೆಂಡ್ತಿಗೆ ಮೋಸ ಮಾಡಿದ್ರೆ ತ್ರೋಂಪೇ, ದುಡ್ಡಿಗೆ ಟೋಪಿ ಹಾಕಿದ್ರೆ ಎಸ್ಕ್ರೋಕೇ. ಮೂರೂ ಸರಿ ಉತ್ತರಾನೇ, ಆದ್ರೂ ಟೈಪ್ ಮಾಡಿದ್ದು ಕೆಂಪಾಗುತ್ತೆ.

ಈಗ ಇಂಗ್ಲಿಷ್ ಪದಾನೇ ಮುಂದಿಂದ ತೆಗೆದು ಫ್ರೆಂಚ್ ವಾಕ್ಯ ಇಟ್ಟು ಕ್ಲೋಜ್ ಮಾಡ್ದೆ, ಅಂದ್ರೆ ಬಿಟ್ಟ ಸ್ಥಳ ತುಂಬೋ ಕಾರ್ಡು, ಮೋಸ ಯಾರಿಗೆ ಯಾತರಲ್ಲಿ ಅನ್ನೋದು ವಾಕ್ಯದಲ್ಲೇ ಸಿಗುತ್ತೆ, ಪದ ತಾನಾಗೇ ಬರುತ್ತೆ. ಇದ್ರಿಂದ ಇನ್ನೊಂದು ಗಂಟೂ ಬಿಚ್ಕೊಳ್ತು. ನಾವು ಮಾರೀಗೆ ಸುಳ್ಳು ಹೇಳ್ದ, ಮಾರೀಗೆ ಮೋಸ ಮಾಡ್ದ ಅಂತ ಎರಡಕ್ಕೂ 'ಗೆ' ಹಚ್ತೀವಿ, ಫ್ರೆಂಚಲ್ಲಿ ಸುಳ್ಳಿಗೆ ಮಾತ್ರ 'ಆ' ಬೇಕು, ಇಲ್ ಮಾಂ ಆ ಮಾರೀ, ಮೋಸಕ್ಕೆ ಬೇಡ, ಇಲ್ ತ್ರೋಂಪ್ ಮಾರೀ ಅಷ್ಟೇ. ಸ ತ್ರೋಂಪೇ ಅಂದ್ರೆ ಮೋಸ ಹೋಗೋದಲ್ಲ, ತಪ್ಪು ತಿಳ್ಕೊಳ್ಳೋದು! ಆ 'ಸ'ಗೆ ನಮ್ಮ 'ಕೊಳ್ಳು'ನ ಹಿಂಟ್ ಫೀಲ್ಡಲ್ಲಿ ಹಾಕಿದೀನಿ, ಈ ಕಾರ್ಡಿಗೆ ಚೆನ್ನಾಗಿ ಕೂತ್ಕೊಳ್ತು.

ರೆಡಿಮೇಡ್ ಡೆಕ್ ಇಳಿಸ್ಕೊಳ್ಳೋರು ದಯವಿಟ್ಟು ಒಂದೊಂದು ಕಾರ್ಡೂ ನೋಡಿ. ನಾನು ಇಳಿಸ್ಕೊಂಡಿದ್ದರಲ್ಲಿ ಲಿಂಗಾನೇ ಇಲ್ಲ, ಸುಳ್ಳು ಪುಲ್ಲಿಂಗ, ಲ ಮಾಂಸೋಂಜ್, ಸತ್ಯ ಸ್ತ್ರೀಲಿಂಗ, ಲಾ ವೆರಿತೇ, ಇದನ್ನ ಬಿಟ್ರೆ ಕಲಿತಿದ್ದೆಲ್ಲ ಅರ್ಧಂಬರ್ಧ. ಆಮೇಲೆ ಇಂಗ್ಲಿಷ್ ಡಿಸೆಪ್ಷನ್ ಎದುರಿಗೆ ದೆಸೆಪ್ಸ್ಯೋಂ ಅಂತ ಬರೆದುಬಿಟ್ಟಿದಾರೆ. ಈಗಿನ ಫ್ರೆಂಚಲ್ಲಿ ಅದು ನಿರಾಸೆ ಕಣ್ರೀ! ಮೋಸ ಅಂದ್ರೆ ತ್ರೋಂಪ್ರೀ. ಹಳೇ ಫ್ರೆಂಚಲ್ಲಿ ಇದರ ಕ್ರಿಯಾಪದ ದೆಸ್ವಾರ್‌ಗೆ ಮೋಸ ಮಾಡು ಅನ್ನೋ ಅರ್ಥಾನೂ ಇತ್ತು, ಮಧ್ಯಯುಗದಲ್ಲಿ ಇಂಗ್ಲಿಷ್ ಆ ಪದ ತಗೊಂಡು ಡಿಸೀವ್ ಅಂತ ಅದೇ ಅರ್ಥದಲ್ಲಿ ಇಟ್ಕೊಂಡಿದೆ, ಫ್ರೆಂಚಲ್ಲೇ ಅರ್ಥ ಬದಲಾಯ್ತು. ಇಂಥ ಪದಗಳ ಕಥೆ ಗೊತ್ತಾದ್ರೆ ಕಾರ್ಡ್ ಮರೆಯೋದೇ ಇಲ್ಲ.

ಅದಕ್ಕೇ ಮುಂದಿನ ಡೆಕ್ ಪೂರ್ತಿ ಇಂಥವೇ, ಇಂಗ್ಲಿಷ್ ಪದದ ಥರ ಕಂಡ್ರೂ ಅರ್ಥ ಬೇರೆ ಇರೋವು. ಲಿಬ್ರೇರೀ ಅಂದ್ರೆ ಪುಸ್ತಕದಂಗಡಿ, ಓದೋಕೆ ಹೋಗೋ ಲೈಬ್ರರಿ ಬಿಬ್ಲಿಯೊತೆಕ್, ಆಕ್ತುಎಲ್‌ಮಾಂ ಅಂದ್ರೆ ಸದ್ಯಕ್ಕೆ, ಸಾಂಸಿಬ್ಲ್ ಅಂದ್ರೆ ಬೇಗ ಮನಸ್ಸಿಗೆ ಹಚ್ಕೊಳ್ಳೋರು. ವಾಕ್ಯ ಕೂಡಿಸೋಕೆ ಶುರು ಮಾಡಿದೀನಿ, ಆಡಿಯೋ ಹಾಕೋದು ಆಮೇಲೆ.