ದೀಪ ತಗ್ಗಿಸದ ದಾರಿ

ಹುಬ್ಬಳ್ಳಿ-ಧಾರವಾಡದಲ್ಲಿ ವಾಹನ ಓಡಿಸುವವರಿಗೆ ಹಗಲಿನ ಕಿರಿಕಿರಿಗಳು ರೂಢಿಯಾಗಿಬಿಟ್ಟಿವೆ. ಚೆನ್ನಮ್ಮ ವೃತ್ತದಲ್ಲಿ ಇಂಡಿಕೇಟರ್ ಹಾಕದೆ ಥಟ್ಟನೆ ಎಡಕ್ಕೆ ಹೊರಳುವ ಆಟೊ, ಸಿಗ್ನಲ್ ಹಸಿರಾಗುವ ಮೊದಲೇ ಹಿಂದಿನಿಂದ ಮೊಳಗುವ ಹಾರ್ನ್, ಬಿಆರ್‌ಟಿಎಸ್ ರಸ್ತೆಯಲ್ಲಿ ಯೂ-ಟರ್ನ್ ದೂರವಾಗುತ್ತದೆಂದು ರಾಂಗ್ ಸೈಡಿನಲ್ಲಿ ಎದುರಿಗೆ ಬರುವ ಬೈಕು, ಇವೆಲ್ಲಕ್ಕೂ ನಾವು ಬೈದುಕೊಳ್ಳುತ್ತಲೇ ಒಗ್ಗಿಕೊಂಡಿದ್ದೇವೆ. ಆದರೆ ರಾತ್ರಿ ಎದುರಿನಿಂದ ಬರುವ ವಾಹನ ತನ್ನ ದೀಪವನ್ನು ತಗ್ಗಿಸದೆ ನೇರವಾಗಿ ಕಣ್ಣಿಗೆ ಹೊಡೆದಾಗ ಮಾತ್ರ ನನಗೆ ಇಂದಿಗೂ ಸಹನೆ ಉಳಿಯುವುದಿಲ್ಲ. ಉಳಿದ ಕಿರಿಕಿರಿಗಳು ಹೊತ್ತನ್ನೋ ಮನಸ್ಸಿನ ನೆಮ್ಮದಿಯನ್ನೋ ಕೆಡಿಸುತ್ತವೆ. ಇದು ಮುಂದಿನ ದಾರಿಯನ್ನೇ ಕಾಣದಂತೆ ಮಾಡುತ್ತದೆ. ಕಳೆದ ಚಳಿಗಾಲದಲ್ಲಿ ಲಕ್ಷ್ಮೇಶ್ವರದಿಂದ ಧಾರವಾಡಕ್ಕೆ ಮರಳಿದ ಒಂದು ರಾತ್ರಿಯ ಪ್ರಯಾಣ ಈ ವಿಷಯದಲ್ಲಿ ನನಗಿದ್ದ ಸಿಟ್ಟನ್ನು ಹೆಚ್ಚಿಸಿತು. ಜೊತೆಗೆ ಆ ಸಿಟ್ಟನ್ನು ಯಾರ ಮೇಲೆ, ಎಷ್ಟರ ಮಟ್ಟಿಗೆ ಮಾಡಿಕೊಳ್ಳಬೇಕೆಂಬುದನ್ನೂ ಸ್ವಲ್ಪ ತಿಳಿಸಿಕೊಟ್ಟಿತು.

ಲಕ್ಷ್ಮೇಶ್ವರದಲ್ಲಿ ಅಕ್ಕನ ಮಗಳ ಕುಬಸ, ಅಂದರೆ ಸೀಮಂತವಿತ್ತು. ಅವ್ವ ಹಿಂದಿನ ಸೀಟಿನಲ್ಲಿ, ಕಾಕಾ ನನ್ನ ಪಕ್ಕದಲ್ಲಿ ಕುಳಿತಿದ್ದರು. ಕಾಕಾ ನಿವೃತ್ತ ಬಸ್ ಚಾಲಕರು. 1997ರಲ್ಲಿ ವಾಯವ್ಯ ಸಾರಿಗೆ ಸಂಸ್ಥೆ ಕೆಎಸ್‌ಆರ್‌ಟಿಸಿಯಿಂದ ಬೇರೆಯಾಗುವುದಕ್ಕೂ ಮೊದಲೇ ಕೆಲಸಕ್ಕೆ ಸೇರಿದವರು, ಹುಬ್ಬಳ್ಳಿ-ಲಕ್ಷ್ಮೇಶ್ವರ ಮಾರ್ಗದಲ್ಲಿ ಬಹಳ ಕಾಲ ಬಸ್ ಓಡಿಸಿದವರು. ಹೋಗುವಾಗ ಹಗಲು ಹೊತ್ತಾದ್ದರಿಂದ ಹೇಳಿಕೊಳ್ಳುವಂಥ ತೊಂದರೆಯೇನೂ ಆಗಲಿಲ್ಲ. ಸಂಜೆ ಬೆಳಕಿರುವಾಗಲೇ ಹೊರಡಬೇಕೆಂದುಕೊಂಡಿದ್ದೆವು. ಆದರೆ ಸೋಮೇಶ್ವರನ ದರ್ಶನ ಮಾಡದೆ ಊರು ಬಿಡಲು ಅವ್ವ ಒಪ್ಪಲಿಲ್ಲ, ಅಕ್ಕನ ಮನೆಯವರು ಬುತ್ತಿ ಕಟ್ಟಿಕೊಡುವವರೆಗೆ ಬಿಡಲಿಲ್ಲ. ಲಕ್ಷ್ಮೇಶ್ವರ ದಾಟುವಷ್ಟರಲ್ಲಿ ಕತ್ತಲಾಗಿತ್ತು.

ಗುಡಗೇರಿ, ಸಂಶಿ, ಕುಂದಗೋಳ, ಶೇರೇವಾಡಗಳ ಮೇಲೆ ಹುಬ್ಬಳ್ಳಿಗೆ ಬರುವ ಈ ದಾರಿಯ ಎರಡೂ ಬದಿಗೆ ಎರೆ (ಕಪ್ಪು ಮಣ್ಣಿನ) ಹೊಲಗಳಿವೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟು ಕುಗ್ಗುತ್ತದೆ. ಕೆಳಗಿನ ನೆಲ ಹೀಗೆ ವರ್ಷ ವರ್ಷವೂ ಏರಿಳಿಯುವುದರಿಂದ ಮೇಲಿನ ಡಾಂಬರು ಎಷ್ಟೇ ಗಟ್ಟಿಯಾಗಿದ್ದರೂ ಮೊದಲು ಅಂಚಿನಲ್ಲಿ ಒಡೆಯುತ್ತದೆ, ರಸ್ತೆಗೂ ಪಕ್ಕದ ಮಣ್ಣಿಗೂ ನಡುವೆ ಕೆಲವು ಕಡೆ ಒಂದು ಗೇಣಿನಷ್ಟು ತಗ್ಗು ಉಂಟಾಗುತ್ತದೆ. ಹಗಲಿನಲ್ಲಿ ಇದನ್ನು ನೋಡಿಕೊಂಡು ಚಕ್ರವನ್ನು ಡಾಂಬರಿನ ಮೇಲೆಯೇ ಇಟ್ಟುಕೊಳ್ಳಬಹುದು. ರಾತ್ರಿ ಎದುರಿನ ಬೆಳಕಿಗೆ ಕಣ್ಣು ಕತ್ತಲಿಟ್ಟಾಗ ಎಡಕ್ಕೆ ಸರಿಯೋಣವೆಂದರೆ ಆ ತಗ್ಗು, ಬಲಕ್ಕೆ ಸರಿಯೋಣವೆಂದರೆ ಎದುರಿನ ವಾಹನ. ನಡುವೆ ವಿಭಜಕವಿಲ್ಲ, ಊರುಗಳ ಹೊರಗೆ ಬೀದಿದೀಪವೂ ಇಲ್ಲ. ಇಂಥ ರಸ್ತೆಯಲ್ಲಿ ಎದುರಿನ ಚಾಲಕ ದೀಪವನ್ನು ತಗ್ಗಿಸುವುದು ಬರೀ ಸೌಜನ್ಯದ ಮಾತಲ್ಲ, ಇಬ್ಬರೂ ಮನೆ ಮುಟ್ಟಬೇಕಾದರೆ ಅದು ಬೇಕೇ ಬೇಕು.

ಗುಡಗೇರಿಯ ಈಚೆಗೆ ಮೊದಲ ಗಾಡಿ ಬಂತು. ಅದು ಒಂದು ಸರಕು ಸಾಗಣೆಯ ಚಿಕ್ಕ ವಾಹನ. ಕಂಪನಿ ಕೊಟ್ಟ ಎರಡು ದೀಪಗಳ ಜೊತೆಗೆ ಬಂಪರಿನ ಮೇಲೆ ಬಿಳಿ ಎಲ್‌ಇಡಿ ದೀಪಗಳ ಒಂದು ಉದ್ದನೆಯ ಪಟ್ಟಿಯನ್ನೂ ಅದಕ್ಕೆ ಜೋಡಿಸಿದ್ದರು. ನಾನು ದೂರದಿಂದಲೇ ಅಪ್ಪರ್ (ದೂರಕ್ಕೆ ಬೀಳುವ ಮೇಲ್ಬೆಳಕು) ಇಳಿಸಿ, ಡಿಪ್ಪರ್ ಹೊಡೆದು, ಅಂದರೆ ದೀಪವನ್ನು ಕ್ಷಣಕಾಲ ಏರಿಸಿ ಇಳಿಸಿ ತಿಳಿಸಿದೆ. ಪ್ರತಿಯಾಗಿ ಅವನು ಇನ್ನೊಂದು ದೀಪವನ್ನು ಹೊತ್ತಿಸಿದ. ನಮ್ಮ ಮುಂದಿನ ಗಾಜಿನ ಮೇಲೆ ಕುಳಿತಿದ್ದ ಹೊಲದ ಧೂಳಿನ ಕಣಕಣವೂ ಒಮ್ಮೆಲೇ ಬೆಳಗಿ ಇಡೀ ಗಾಜು ಹಾಲಿನ ಬಣ್ಣಕ್ಕೆ ತಿರುಗಿತು; ಅದರಾಚೆ ರಸ್ತೆಯ ನಡುಗೆರೆ, ಅಂಚಿನ ಜಾಲಿಗಿಡಗಳು, ಮುಂದೆ ಇರಬಹುದಾದ ಸೈಕಲ್ಲು, ದನ, ಮನುಷ್ಯ ಯಾವುದೂ ಕಾಣಲಿಲ್ಲ. ಹಿಂದಿನಿಂದ ಅವ್ವ "ಶಿವನ" ಎಂದು ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದಳು.

"ತಮ್ಮಾ, ಅವನ ದೀಪದ ಕಡೆ ನೋಡಬ್ಯಾಡ. ಎಡಕ್ಕಿನ ಬಿಳಿ ಪಟ್ಟಿ ಹಿಡ್ಕೊಂಡು ಸಾವಕಾಶ ಹೋಗು" ಎಂದರು ಕಾಕಾ.

ಇದು ಚಾಲಕರೆಲ್ಲ ತಿಳಿದಿರಬೇಕಾದ ಉಪಾಯ. ಬೆಳಕಿನ ಮೂಲದಿಂದ ದೃಷ್ಟಿಯನ್ನು ಎಡ ಅಂಚಿನ ಗೆರೆಗೆ ಹೊರಳಿಸಿ, ವೇಗ ಇಳಿಸಿದರೆ ಗಾಡಿ ತನ್ನ ಜಾಡಿನಲ್ಲಿಯೇ ಉಳಿಯುತ್ತದೆ. ಆದರೆ ಆ ರಸ್ತೆಯಲ್ಲಿ ಅಂಚಿನ ಗೆರೆ ಅಂಚಿನ ಡಾಂಬರಿನ ಜೊತೆಗೆ ಎಷ್ಟೋ ಕಡೆ ಕಿತ್ತುಹೋಗಿತ್ತು. ವಾಹನ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಮುಂದೆ ಹೋಗುತ್ತದೆ. ಎದುರಿನ ಬೆಳಕು ದಾಟಿದ ಮೇಲೂ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಮೂರು ಸೆಕೆಂಡು ತೆಗೆದುಕೊಂಡರೆ, 50 ಮೀಟರ್ ದಾರಿಯನ್ನು ಚಾಲಕ ಕುರುಡನಾಗಿಯೇ ಕ್ರಮಿಸಿರುತ್ತಾನೆ. ವಯಸ್ಸಾದಂತೆ ಕಣ್ಣು ಹೀಗೆ ಹೊಂದಿಕೊಳ್ಳುವುದು ಮತ್ತಷ್ಟು ನಿಧಾನವಾಗುತ್ತದೆ. ಪೊರೆ ಬರತೊಡಗಿದ ಕಣ್ಣಿಗಂತೂ ಬೆಳಕು ಒಡೆದು ಸುತ್ತಲೂ ಹರಡಿದಂತೆ ಕಾಣುತ್ತದೆ. ನಿವೃತ್ತಿಯ ನಂತರ ಕಾಕಾ ರಾತ್ರಿ ಹೊತ್ತು ಸ್ಟೇರಿಂಗ್ ಹಿಡಿಯುವುದನ್ನೇ ಬಿಟ್ಟಿರುವುದು ಇದೇ ಕಾರಣಕ್ಕೆ. ಬದುಕಿನ ಬಹುಪಾಲನ್ನು ರಸ್ತೆಯ ಮೇಲೆಯೇ ಕಳೆದ, ಒಂದೂ ಅಪಘಾತ ಮಾಡದೆ ನಿವೃತ್ತರಾದ ಮನುಷ್ಯ ಬೇರೆಯವರ ದೀಪಕ್ಕೆ ಹೆದರಿ ರಾತ್ರಿ ಮನೆಯಲ್ಲಿಯೇ ಉಳಿಯಬೇಕಾಗಿ ಬಂದಿರುವುದು ನನಗೆ ಅನ್ಯಾಯವೆನಿಸುತ್ತದೆ.

ಕುಂದಗೋಳದಲ್ಲಿ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಸಂಗೀತ ನಡೆಯುತ್ತಿದ್ದಾಗ ಇದೇ ದಾರಿಯಲ್ಲಿ ಬೆಳಗಿನ ಜಾವದ ಬಸ್ಸು ಓಡಿಸಿದ್ದನ್ನು ಕಾಕಾ ಆಗ ನೆನೆಸಿಕೊಂಡರು. ಆಗ ರಸ್ತೆ ಈಗಿನದಕ್ಕಿಂತ ಕಿರಿದಾಗಿತ್ತು, ಬಸ್ಸಿನ ದೀಪಗಳು ಹಳದಿಯಾಗಿ ಮಿಣುಕುತ್ತಿದ್ದವು. "ಆಗ ಡಿಪ್ಪರ್ ಹೊಡಿಯೋದಂದ್ರ ನಮಸ್ಕಾರ ಮಾಡಿದಂಗ ಇತ್ತು. ಲಾರಿಯವ್ರೂ ಇಳಸತಿದ್ರು, ನಾವೂ ಇಳಸತಿದ್ವಿ" ಎಂದರು. ಹಿಂದಿನ ಚಾಲಕರೆಲ್ಲ ಒಳ್ಳೆಯವರಾಗಿದ್ದರು ಎಂದು ನಾನು ಹೇಳಲಾರೆ. ಆದರೆ ರಾತ್ರಿ ಗಾಡಿ ಓಡಿಸುವವರಲ್ಲಿ ಬಹುಪಾಲು ಜನ ಆಗ ಚಾಲನೆಯನ್ನೇ ವೃತ್ತಿಯಾಗಿ ಮಾಡಿಕೊಂಡವರಾಗಿದ್ದರು, ಈ ಕ್ರಮವನ್ನು ಕ್ಲೀನರ್ ಆಗಿದ್ದಾಗಲೇ ಹಿರಿಯ ಚಾಲಕರಿಂದ ಕಲಿತುಕೊಂಡಿರುತ್ತಿದ್ದರು. ಇಂದು ಲೈಸೆನ್ಸಿನ ಪರೀಕ್ಷೆ ನಡೆಯುವುದು ಹಗಲಿನಲ್ಲಿ. ರಾತ್ರಿಯ ಚಾಲನೆಯನ್ನು ಹೊಸಬರಿಗೆ ಕಲಿಸುವವರು ಯಾರೂ ಇಲ್ಲ.

ಸಂಶಿ ಸಮೀಪಿಸುವ ಹೊತ್ತಿಗೆ ನಿಜವಾದ ಗಂಡಾಂತರ ಎದುರಾಯಿತು. ಎದುರಿನಿಂದ ಒಂದರ ಹಿಂದೊಂದು ಎರಡು ವಾಹನಗಳು ಅಪ್ಪರ್‌ನಲ್ಲಿಯೇ ಬಂದು ಹಾದುಹೋದವು. ಅವು ದಾಟಿದ ಕೂಡಲೇ ಮುಂದೆ ಕಪ್ಪನೆಯ ಒಂದು ಗೋಡೆ ನಿಂತಂತೆ ಕಂಡಿತು. ಕಾಕಾ "ಬ್ರೇಕ್, ಬ್ರೇಕ್" ಎಂದರು. ಮೊದಲೇ ವೇಗ ಇಳಿಸಿದ್ದರಿಂದ ಕಾರು ನಿಂತಿತು. ಅದು ಹತ್ತಿಯ ಅಂಡಿಗೆಗಳನ್ನು (ದೊಡ್ಡ ಮೂಟೆಗಳನ್ನು) ಹೇರಿದ ಟ್ರ್ಯಾಕ್ಟರ್ ಟ್ರೇಲರ್. ಅಂಡಿಗೆಗಳು ಟ್ರೇಲರಿನ ಎರಡೂ ಮಗ್ಗುಲಿಗೆ ಮೊಳದಷ್ಟು ಹೊರಗೆ ಚಾಚಿಕೊಂಡು ಅರ್ಧ ರಸ್ತೆಯನ್ನೇ ಆಕ್ರಮಿಸಿದ್ದವು. ಹಿಂದೆ ಕೆಂಪು ದೀಪವಿರಲಿಲ್ಲ. ನಂಬರ್ ಪ್ಲೇಟಿನ ಜಾಗದಲ್ಲಿ ಒಣಗಿದ ಎರೆಮಣ್ಣಿನ ದಪ್ಪ ಪದರ ಮಾತ್ರ ಇತ್ತು.

ಟ್ರ್ಯಾಕ್ಟರ್ ಮುಂದೆ ಬದಿಗೆ ನಿಂತಾಗ ಕಾಕಾ ಇಳಿದು ಹೋದರು, ನಾನೂ ಹಿಂಬಾಲಿಸಿದೆ. ಚಾಲಕ ಇಪ್ಪತ್ತರ ಆಸುಪಾಸಿನ ಹುಡುಗ. ಚಳಿಗೆ ಟವೆಲ್ಲನ್ನು ತಲೆಗೆ ಸುತ್ತಿಕೊಂಡಿದ್ದ.

"ಹಿಂದ ಲೈಟ್ ಯಾಕ ಇಲ್ಲೋ ತಮ್ಮಾ? ಈಗ ನಾವು ಬಂದು ಹೊಡೀತಿದ್ವಲ್ಲ."

"ಟ್ರೇಲರ್ ಬ್ಯಾರೇಯವ್ರದ್ರಿ ಯಜಮಾನ್ರ. ಇದಕ್ಕೂ ನಮ್ಮ ಟ್ರ್ಯಾಕ್ಟರಿಗೂ ವೈರ್ ಕೂಡಂಗಿಲ್ರಿ."

"ಮತ್ತ ನೀ ಮುಂದ ಅಪ್ಪರ್ ಹಾಕ್ಕೊಂಡ ಹೊಂಟೀಯಲ್ಲ?"

"ಇಳಿಸಿದ್ರ ನನ್ನಂಥ ಗಾಡಿ ಮುಂದ ನಿಂತಿದ್ರ ಕಾಣಬೇಕಲ್ರಿ."

ಆ ಹುಡುಗ ಇದನ್ನು ಉಡಾಫೆಯಿಂದ ಹೇಳಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ. ಅವನ ಮಾತಿನಲ್ಲಿ ಈ ರಸ್ತೆಗಳ ಇಡೀ ಸಮಸ್ಯೆ ಅಡಗಿದೆ ಎಂದು ನನಗೆ ಹೊಳೆದದ್ದು ಮತ್ತೆ ಕಾರಿನಲ್ಲಿ ಕುಳಿತ ಮೇಲೆ. ಸುಗ್ಗಿಯ ಕಾಲದಲ್ಲಿ ಒಂದೇ ಟ್ರೇಲರ್ ಹಲವರ ಟ್ರ್ಯಾಕ್ಟರುಗಳಿಗೆ ಕೈ ಬದಲಾಗುತ್ತದೆ, ದೀಪದ ವೈರುಗಳು ಒಂದಕ್ಕೊಂದು ಹೊಂದುವುದಿಲ್ಲ. ದೀಪವಿಲ್ಲದ ಟ್ರೇಲರ್ ಎಲ್ಲಿ ಎದುರಾಗುತ್ತದೆಯೋ ಎಂಬ ಭಯಕ್ಕೆ ಎಲ್ಲರೂ ಅಪ್ಪರ್ ಹಾಕಿಕೊಂಡು ಬರುತ್ತಾರೆ. ಆ ಅಪ್ಪರ್ ಬೆಳಕಿಗೆ ಎದುರಿನವನ ಕಣ್ಣು ಕುಕ್ಕಿ ಅವನಿಗೆ ತನ್ನ ಮುಂದಿನ ಟ್ರೇಲರ್ ಕಾಣದಾಗುತ್ತದೆ. ಆಗ ಅವನೂ ದೀಪ ಏರಿಸುತ್ತಾನೆ. ಪ್ರತಿಯೊಬ್ಬನೂ ತನ್ನ ರಕ್ಷಣೆಗೆಂದು ಮಾಡುವ ಕೆಲಸ ಇನ್ನೊಬ್ಬನ ಪ್ರಾಣಕ್ಕೆ ಕುತ್ತಾಗುತ್ತಿದೆ. ಹೀಗಾಗಿ ಆ ಹುಡುಗನ ಮೇಲೆ ನನಗಿದ್ದ ಸಿಟ್ಟು ಇಳಿಯಿತು. ಬಂಪರಿನ ಮೇಲೆ ದೀಪದ ಪಟ್ಟಿ ಕಟ್ಟಿಸಿಕೊಂಡು, ಡಿಪ್ಪರ್ ಹೊಡೆದವನಿಗೆ ಮತ್ತೊಂದು ದೀಪ ಹೊತ್ತಿಸಿ ಉತ್ತರ ಕೊಟ್ಟವನ ಮೇಲಿನ ಸಿಟ್ಟು ಇಳಿಯಲಿಲ್ಲ, ಇಳಿಯಬೇಕಾಗಿಯೂ ಇಲ್ಲ. ಅವನಿಗೆ ದಾರಿ ಚೆನ್ನಾಗಿಯೇ ಕಾಣುತ್ತಿತ್ತು.

ಕಾನೂನಿನಲ್ಲಿ ಇದಕ್ಕೆ ಅವಕಾಶವಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ದೀಪದಿಂದ ಎಂಟು ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಕುಕ್ಕದಂತೆ ಮುಂದಿನ ದೀಪದ ಬೆಳಕು ಕೆಳಕ್ಕೆ ಬಾಗುವಂತಿರಬೇಕು. ಹಿಂದೆ ಕೆಂಪು, ಮುಂದೆ ಬಿಳಿ ಪ್ರತಿಫಲಕಗಳಿರಬೇಕೆಂಬ ನಿಯಮವೂ ಇದೆ. ನಮ್ಮ ಕಡೆ ಎಲ್ಲರೂ ಅದನ್ನು ರೇಡಿಯಂ ಎನ್ನುತ್ತಾರೆ. ಎದುರಿನಿಂದ ವಾಹನ ಬರುವಾಗ ದೀಪ ತಗ್ಗಿಸಬೇಕೆಂದು 2017ರ ಚಾಲನಾ ನಿಯಮಗಳೂ ಹೇಳುತ್ತವೆ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆಯನ್ನೂ ನಡೆಸಿದರು. ಅದು ಒಳ್ಳೆಯ ಕೆಲಸ. ಆದರೆ ಅಂಥ ತಪಾಸಣೆ ಬೀದಿದೀಪಗಳಿರುವ ನಗರದ ವೃತ್ತಗಳಿಗಿಂತ ಹೆಚ್ಚಾಗಿ ಕುಂದಗೋಳದಂಥ ಊರುಗಳ ಹೊರವಲಯದಲ್ಲಿ, ಸೂರ್ಯ ಮುಳುಗಿದ ಮೇಲೆ, ಸುಗ್ಗಿಯ ತಿಂಗಳುಗಳಲ್ಲಿ ನಡೆಯಬೇಕು. ದಂಡ ಹಾಕುವವರ ಕೈಯಲ್ಲಿ ರಸೀದಿ ಪುಸ್ತಕದ ಜೊತೆಗೆ ಒಂದು ಸುರುಳಿ ಕೆಂಪು ರೇಡಿಯಂ ಪಟ್ಟಿಯೂ ಇದ್ದು, ನಿಲ್ಲಿಸಿದ ಟ್ರೇಲರಿಗೆ ಅಲ್ಲಿಯೇ ಅಂಟಿಸಿ ಕಳಿಸಿದರೆ ಅದರಿಂದ ಎಷ್ಟೋ ಜೀವ ಉಳಿಯುತ್ತವೆ.

ಹುಬ್ಬಳ್ಳಿ ಮುಟ್ಟಿದ ಮೇಲೆ ಗಬ್ಬೂರಿನಿಂದ ಬೈಪಾಸ್ ಹಿಡಿಯುವುದೋ, ಊರೊಳಗಿನಿಂದ ನವನಗರದ ಮೇಲೆ ಹೋಗುವುದೋ ಎಂಬ ಪ್ರಶ್ನೆ ಬಂತು. ಬೈಪಾಸ್ ಬೇಡವೆಂದು ಕಾಕಾ ಖಂಡಿತವಾಗಿ ಹೇಳಿದರು. 2021ರ ಜನವರಿಯಲ್ಲಿ ಇಟ್ಟಿಗಟ್ಟಿಯ ಬಳಿ ಟಿಪ್ಪರ್ ಡಿಕ್ಕಿಯಾಗಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರೂ ಸೇರಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. ಅದು ನಡೆದದ್ದು ಬೆಳಗಿನ ಹೊತ್ತು. ಆಗ ವಿಭಜಕವಿಲ್ಲದಿದ್ದ ಆ ರಸ್ತೆ ಹಗಲಿನಲ್ಲಿಯೇ ಹಾಗೆ ಬಲಿ ತೆಗೆದುಕೊಂಡಿರುವಾಗ ರಾತ್ರಿಯ ಮಾತನ್ನು ಹೇಳಬೇಕಾಗಿಲ್ಲ. ಊರೊಳಗಿನ ದಾರಿ ನಿಧಾನವಾದರೂ ಬೆಳಕಿತ್ತು. ಹಾಗಿದ್ದರೂ ಉಣಕಲ್ ಕೆರೆಯಿಂದ ನವಲೂರಿನವರೆಗೂ ಕಂಬದ ದೀಪಗಳ ಕೆಳಗೇ ಅಪ್ಪರ್ ಹಾಕಿಕೊಂಡು ನಮ್ಮ ಹಿಂದೆ ಬಂದ ಒಂದು ಕಾರು ನನ್ನ ಮೂರು ಕನ್ನಡಿಗಳನ್ನೂ ಬೆಳಗುತ್ತಲೇ ಇತ್ತು. ಈ ಚಾಲಕನಿಗೆ ಟ್ರೇಲರಿನ ಭಯವೂ ಇರಲಿಲ್ಲ.

ಮರುವಾರ ಕಾರಿನ ದೀಪಗಳ ಕೋನ ಸರಿಯಾಗಿದೆಯೇ ಎಂದು ನೋಡಿಸಲು ಧಾರವಾಡದ ಒಂದು ಗ್ಯಾರೇಜಿಗೆ ಹೋದೆ. ಕೆಲಸಗಾರ ಸಮತಟ್ಟಾದ ನೆಲದಲ್ಲಿ ಕಾರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಡಿಮ್ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ತುಸು ಕೆಳಗೆ ಬೀಳುತ್ತಿದೆಯೆಂದು ತೋರಿಸಿದ. ಹ್ಯಾಲೊಜನ್ ಬಲ್ಬಿಗಾಗಿ ಮಾಡಿದ ದೀಪದೊಳಗೆ ಅಗ್ಗದ ಎಲ್‌ಇಡಿ ಬಲ್ಬು ಹಾಕಿದರೆ ಈ ಅಂಚು ಉಳಿಯುವುದಿಲ್ಲ; ಒಳಗಿನ ಕನ್ನಡಿ ಬಲ್ಬಿನ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದಾದ್ದರಿಂದ, ಬೆಳಕು ಹುಟ್ಟುವ ಜಾಗ ತುಸು ಬದಲಾದರೂ ಅದು ಎಲ್ಲೆಡೆ ಚೆಲ್ಲುತ್ತದೆ. ಅಂಥ ಗಾಡಿಯವನು ಡಿಮ್ ಮಾಡಿದರೂ ಎದುರಿನವನಿಗೆ ಅದು ಅಪ್ಪರ್ ಆಗಿಯೇ ಕಾಣುತ್ತದೆ. "ಲೈಟ್ ಜಾಸ್ತಿ ಮಾಡ್ರಿ ಅಂತ ದಿನಾ ಬರ್ತಾರ್ರಿ ಸರ್, ಇಳಿಸಿ ಕೊಡ್ರಿ ಅಂತ ಯಾರೂ ಬರಂಗಿಲ್ಲ" ಎಂದ ಆತ.

ಕಾಕಾ ಅಷ್ಟಕ್ಕೆ ಸುಮ್ಮನಿರಲಿಲ್ಲ. ಅಕ್ಕನ ಮನೆಯಲ್ಲಿಯೂ ಟ್ರ್ಯಾಕ್ಟರ್ ಇದೆ. ಅಂದೇ ಸಂಜೆ ಭಾವನಿಗೆ ಫೋನು ಹಚ್ಚಿದರು.

"ಅಳಿಯಂದ್ರ, ನಿಮ್ಮ ಟ್ರೇಲರ್ ಹಿಂದ ರೇಡಿಯಂ ಐತೋ ಇಲ್ಲೋ?"

ಇದೆ, ಆದರೆ ಮಳೆಗಾಲದ ರಾಡಿ ಮೆತ್ತಿಕೊಂಡು ಮುಚ್ಚಿಹೋಗಿದೆ ಎಂದು ಭಾವ ಹೇಳಿದ. ರಾತ್ರಿ ಗಾಡಿ ಹೊರಗೆ ತೆಗೆಯುವ ಮೊದಲು ಒದ್ದೆ ಬಟ್ಟೆಯಿಂದ ಅದನ್ನು ಒರೆಸಬೇಕು, ಟ್ರೇಲರ್ ಯಾರಿಗಾದರೂ ಕೊಟ್ಟರೆ ಅವರಿಗೂ ಇದನ್ನು ಹೇಳಿಯೇ ಕೊಡಬೇಕು ಎಂದು ಕಾಕಾ ಅವನಿಂದ ಮಾತು ತೆಗೆದುಕೊಂಡರು. ವೈರಿನ ಜೋಡಣೆ ಮಾಡಿಸಲು ಎಷ್ಟು ಖರ್ಚಾಗುತ್ತದೆಂದು ಈಗ ಇಬ್ಬರೂ ವಿಚಾರಿಸುತ್ತಿದ್ದಾರೆ.