ನಿಯಮಾನುಸಾರ ಕ್ರಮಕ್ಕೆ

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕಚೇರಿ ಎದುರಿಗೆ ನನ್ನ ಜೆರಾಕ್ಸ್ ಅಂಗಡಿ ಇದೆ. ಅರ್ಜಿ ಟೈಪ್ ಮಾಡಿಕೊಡುವುದೂ ನಾನೇ. ಯಾರ ಮನೆಯಲ್ಲಿ ಏನಾಗಿದೆ ಅನ್ನೋದು ಕಚೇರಿಗಿಂತ ಮೊದಲು ನನ್ನ ಮಷಿನ್ನಿನ ಗಾಜಿನ ಮೇಲೆ ಬರುತ್ತದೆ.

2023ರ ಸೆಪ್ಟೆಂಬರ್. ಆಗಸ್ಟ್ ತಿಂಗಳಿಡೀ ಮಳೆ ಕೈಕೊಟ್ಟಿತ್ತು. ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಒಣಗಿ ನಿಂತಿತ್ತು. ಆ ದಿನಗಳಲ್ಲೇ ಸಚಿವ ಶಿವಾನಂದ ಪಾಟೀಲರು ಹಾವೇರಿಯಲ್ಲಿ ಒಂದು ಮಾತಾಡಿದರು. ಸತ್ತ ರೈತರ ಮನೆಯವರಿಗೆ ಕೊಡುವ ಪರಿಹಾರದ ಹಣ 5 ಲಕ್ಷಕ್ಕೆ ಏರಿದ ಮೇಲೆ ರೈತರ ಆತ್ಮಹತ್ಯೆ ಪ್ರಕರಣ ಜಾಸ್ತಿಯಾಗಿವೆ ಎಂಬ ಅರ್ಥದ ಮಾತು. ಟಿವಿಯಲ್ಲಿ ಗದ್ದಲವಾಯಿತು. ರೈತರಿಗೆ ನೋವು ಮಾಡುವ ಉದ್ದೇಶ ಇರಲಿಲ್ಲ ಎಂಬ ಸಮಜಾಯಿಷಿಯೂ ಬಂತು. ಅಲ್ಲಿಗೆ ಮುಗಿಯಿತು ಅಂತ ನಾವೆಲ್ಲ ಅಂದುಕೊಂಡೆವು. ಇಂಥ ಮಾತು ನಮಗೆ ಹೊಸದೂ ಅಲ್ಲ. 2020ರ ಡಿಸೆಂಬರಿನಲ್ಲಿ ಆಗಿನ ಕೃಷಿ ಸಚಿವ ಬಿ.ಸಿ. ಪಾಟೀಲರು ಆತ್ಮಹತ್ಯೆ ಮಾಡಿಕೊಳ್ಳುವ ರೈತರನ್ನು ಹೇಡಿಗಳು ಅಂದಿದ್ದರು. ಆಗ ಅವರು ನಮ್ಮ ಜಿಲ್ಲೆಯ ಹಿರೇಕೆರೂರಿನ ಶಾಸಕರೇ. ಸರ್ಕಾರ ಬೇರೆ, ಪಕ್ಷ ಬೇರೆ, ಧಾಟಿ ಒಂದೇ.

ಅದಾದ ಸ್ವಲ್ಪ ದಿನಕ್ಕೆ, ಗಂಡ ಆತ್ಮಹತ್ಯೆ ಮಾಡಿಕೊಂಡಿದ್ದ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು. ಮೂವತ್ತರ ಆಸುಪಾಸು. ಜೊತೆಗೆ ಮೈದುನ. ಕೈಯಲ್ಲಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರ ತುಂಬ ಕಾಗದ. ಎಫ್‌ಐಆರ್, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಸೊಸೈಟಿ ಸಾಲದ ಪತ್ರ, ಆಧಾರ್, ಪಾಸ್‌ಬುಕ್. ಉತಾರ, ಅಂದರೆ ಹೊಲದ ಪಹಣಿ, ಮಾತ್ರ ಮಾವನ ಹೆಸರಿನಲ್ಲಿತ್ತು. ಮಾವ ತೀರಿಕೊಂಡು ವರ್ಷಗಳಾಗಿದ್ದವು, ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಿರಲಿಲ್ಲ. ನಮ್ಮ ಕಡೆ ಅರ್ಧ ಊರಿನ ಕಥೆ ಇದೇ. ಹೊಲ ಉತ್ತವನು ಒಬ್ಬ, ಕಾಗದದಲ್ಲಿ ಇರುವವನು ಇನ್ನೊಬ್ಬ. ಗೊಬ್ಬರದ ಅಂಗಡಿಯ ಬಾಕಿ, ಕೈಗಡ ಇವಕ್ಕೆಲ್ಲ ಒಂದು ಚೀಟಿಯೂ ಇರಲಿಲ್ಲ. ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ಸಮಿತಿ ಇದನ್ನೆಲ್ಲ ನೋಡಿ, ಸಾವಿಗೆ ಕೃಷಿ ಸಾಲವೇ ಕಾರಣ ಅಂತ ಒಪ್ಪಬೇಕು. ಒಪ್ಪದಿದ್ದರೆ ಪರಿಹಾರವಿಲ್ಲ. ಐದು ಲಕ್ಷ ಅನ್ನುವುದು ಹೇಳಲು ಸಲೀಸು, ಆ ಚೀಲದೊಳಗಿನಿಂದ ಅದನ್ನು ಹೊರಗೆ ತೆಗೆಯುವುದು ಬೇರೆಯೇ ಕೆಲಸ.

ಎರಡೆರಡು ಪ್ರತಿ ಮಾಡಿ ಕೊಟ್ಟೆ. ಇಬ್ಬರೂ ಎದುರಿಗೆ ಹೋದರು. ಅರ್ಧ ಗಂಟೆಯಲ್ಲಿ ವಾಪಸ್ ಬಂದರು. ಅವಳ ಮುಖ ನೋಡಿ "ಕುಂದ್ರು ಯವ್ವಾ" ಅಂದೆ. ಕೂರಲಿಲ್ಲ.

"ಮಂತ್ರಿಗಳ ಹೇಳ್ಯಾರಲ್ಲ, ರೊಕ್ಕಕ್ಕ ಹಿಂಗ ಆಗಾಕತ್ತಾವಂತ. ಎಲ್ಲಾ ಸರಿಯಾಗಿ ತಪಾಸ ಮಾಡಬೇಕಾಗ್ತದ ಅಂದ್ರರೀ ಒಳಗ," ಅಂದ ಮೈದುನ.

ಅವಳು ನನಗೇ ಹೇಳಿದಳು. "ಅಣ್ಣಾರ, ಸತ್ರ ರೊಕ್ಕ ಬರ್ತೈತಿ ಅನ್ನೂದ ಅವರಿಗೆ ಗೊತ್ತ ಇರ್ಲಿಲ್ರಿ. ನನಗೂ ಇಲ್ಲೇ ಬಂದಮ್ಯಾಲೆ ಗೊತ್ತಾತು."

ಒಳಗಿದ್ದ ಗುಮಾಸ್ತ ಕೆಟ್ಟವನಲ್ಲ. ದಿನಾ ನನ್ನ ಜೊತೆ ಚಹಾ ಕುಡಿಯುವವನು. ಮೊನ್ನೆಯವರೆಗೂ ಇಂಥ ಕಾಗದ ಬಂದರೆ ಸುಮ್ನೆ ತಗೊಂಡು ಸೀಲು ಹೊಡೆಯುತ್ತಿದ್ದ. ಈಗ ಅವನ ಬಾಯಿಗೂ ಒಂದು ಪ್ರಶ್ನೆ ಬಂದಿತ್ತು, ಅದೂ ಮೇಲಿನಿಂದ. ಟಿವಿಯವರು "ವಿವಾದಾತ್ಮಕ ಹೇಳಿಕೆ" ಅಂತ ಎರಡು ದಿನ ಕೂಗಿ ಬಿಟ್ಟುಬಿಡುತ್ತಾರೆ. ಸಮಜಾಯಿಷಿ ಬರುವುದೂ ಕ್ಯಾಮೆರಾ ಮುಂದೆಯೇ. ಆದರೆ ಆಡಿದ ಮಾತು ಕಚೇರಿಯ ಮೆಟ್ಟಿಲು ಇಳಿದು ಈ ಟೇಬಲ್ಲಿಗೆ ಬಂದು ಕೂತಿರುತ್ತದೆ. ಅಲ್ಲಿಂದ ಅದನ್ನು ಎಬ್ಬಿಸುವವರು ಯಾರು?

ಪಕ್ಕದಲ್ಲೇ ಕೂರುವ ವಕೀಲರಿಗೆ ಹೇಳಿದೆ. ಅವರು ಬುಲಂದ್‌ಶಹರದ ಕಥೆ ತೆಗೆದರು. 2016ರಲ್ಲಿ ಅಲ್ಲಿನ ಹೆದ್ದಾರಿಯಲ್ಲಿ ತಾಯಿ, ಮಗಳ ಮೇಲೆ ಸಾಮೂಹಿಕ ಅತ್ಯಾಚಾರವಾಯಿತು. ಉತ್ತರ ಪ್ರದೇಶದ ಮಂತ್ರಿ ಆಜಂ ಖಾನ್ ಅದರಲ್ಲಿ ರಾಜಕೀಯ ಪಿತೂರಿ ಇದೆ ಅಂದರು. ಆ ಮನೆಯವರು ಸುಮ್ಮನಿರಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. ಅದೇ ವರ್ಷ ಡಿಸೆಂಬರಿನಲ್ಲಿ ಮಂತ್ರಿ ಕೋರ್ಟಿಗೆ ಬೇಷರತ್ ಕ್ಷಮೆ ಬರೆದುಕೊಡಬೇಕಾಯಿತು. ಅದೇ ಪ್ರಕರಣದಿಂದ ಎದ್ದ ದೊಡ್ಡ ಪ್ರಶ್ನೆಗೆ 2023ರ ಜನವರಿಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಮಂತ್ರಿಯ ಮಾತನ್ನು ಇಡೀ ಸರ್ಕಾರದ ತಲೆಗೆ ಕಟ್ಟಲಾಗದು ಎಂದು ನಾಲ್ವರು ಹೇಳಿದರು. ನಮ್ಮ ಕನ್ನಡತಿ ನ್ಯಾಯಮೂರ್ತಿ ನಾಗರತ್ನ ಅವರದು ಬೇರೆ ಅಭಿಪ್ರಾಯ. ಆ ಮಾತು ಸರ್ಕಾರದ ನಿಲುವೂ ಆಗಿದ್ದರೆ ಸರ್ಕಾರವೂ ಹೊಣೆ ಎಂದರು.

"ನಿನಗ ಬೇಕಾದ್ದು ಅದಲ್ಲ," ಅಂದರು ವಕೀಲರು. "ಆ ತೀರ್ಪಿನ್ಯಾಗ ಇನ್ನೊಂದು ಮಾತೈತಿ. ಮಂತ್ರಿ ಬರೇ ಮಾತಾಡಿದ್ರ ಕೇಸ್ ಆಗೂದಿಲ್ಲ. ಆ ಮಾತು ಕೇಳಿ ಅಧಿಕಾರಿಗಳು ಏನಾರ ಮಾಡಿ, ಇಲ್ಲಾ ಮಾಡಬೇಕಾದ್ದು ಬಿಟ್ಟು, ಮಂದಿಗೆ ನಷ್ಟ ಆದ್ರ ಕೇಳಾಕ ಬರ್ತದ."

ನನಗೆ ಇಷ್ಟು ಸಾಕಾಗಿತ್ತು. ಕೋರ್ಟಿಗೆ ಹೋಗುವ ಶಕ್ತಿ ಆ ಹೆಣ್ಣುಮಗಳಿಗೆ ಇರಲಿಲ್ಲ. ಒಂದು ಪುಟದ ಅರ್ಜಿ ಟೈಪ್ ಮಾಡಿದೆ. ಸಚಿವರ ಮಾತು ಈ ಕಡತದ ಪರಿಶೀಲನೆಗೆ ಆಧಾರವಾಗಬಾರದು, ಇದನ್ನು ಕಚೇರಿಗೆ ಲಿಖಿತವಾಗಿ ತಿಳಿಸಬೇಕು ಅಂತ. ಅವಳು ಓದಿಸಿಕೊಂಡು ಕೇಳಿ ಸಹಿ ಮಾಡಿದಳು.

ಶಾಸಕರು ಐಬಿಗೆ (ಪ್ರವಾಸಿ ಮಂದಿರಕ್ಕೆ) ಬಂದ ದಿನ ನಾವು ಮೂವರೂ ಹೋದೆವು. ವರಾಂಡ ತುಂಬಿತ್ತು. ಗಟಾರ, ವರ್ಗಾವಣೆ, ಮಗನಿಗೆ ನೌಕರಿ. ನಮ್ಮ ಸರದಿ ಬಂದಾಗ ಶಾಸಕರು ಅರ್ಜಿ ಓದಿ ತಲೆ ಎತ್ತಿದರು.

"ಆ ಮಾತು ನಾ ಆಡಿಲ್ಲಲ್ಲಪಾ."

"ನೀವು ಆಡಿಲ್ರಿ. ಆದ್ರ ನಮಗ ಕೇಳಾಕ ಇರೋರು ನೀವ ಅಲ್ರಿ," ಅಂದೆ.

ಪಕ್ಕದಲ್ಲಿದ್ದವರೊಬ್ಬರು ನಕ್ಕರು. ಶಾಸಕರು ನಗಲಿಲ್ಲ. ಅವಳ ಕಡೆ ನೋಡಿ ಎಷ್ಟು ಎಕರೆ, ಮಕ್ಕಳೆಷ್ಟು ಅಂತ ಕೇಳಿದರು. ಅವಳು ಉತ್ತರ ಕೊಟ್ಟು, "ನಮ್ಮ ಮನಿಯವರು ರೊಕ್ಕಕ್ಕ ಸತ್ತಿಲ್ಲಂತ ಒಂದು ಮಾತು ಬರದು ಕೊಡ್ರಿ ಸಾಹೇಬರ" ಅಂದಳು. ವರಾಂಡದಲ್ಲಿ ಮಾತು ನಿಂತಿತು. ಅವರು ಪೆನ್ನು ತೆಗೆದು ಅರ್ಜಿಯ ಮೂಲೆಯಲ್ಲಿ ಬರೆದರು: "ನಿಯಮಾನುಸಾರ ಕ್ರಮಕ್ಕೆ." ಕೆಳಗೆ ಸಹಿ.

ಎಲ್ಲ ಅರ್ಜಿಯ ಮೇಲೂ ಬೀಳುವ ಎರಡು ಪದ. ನನಗೆ ಸಿಟ್ಟು ಬಂತು. ವಕೀಲರು ಮಾತ್ರ, ಪರವಾಗಿಲ್ಲ, ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ ಅಂದರು. ತಗೊಂಡೆವು. ಸಹಿ ನೋಡಿದ ಗುಮಾಸ್ತ ಆಮೇಲೆ ಆ ಪ್ರಶ್ನೆ ಎತ್ತಲಿಲ್ಲ. ಉತಾರದ ಪ್ರಶ್ನೆ ಎತ್ತಿದ. ಅದು ಅವನ ಕೆಲಸ, ನನ್ನ ತಕರಾರಿಲ್ಲ.

ಸಚಿವರ ರಾಜೀನಾಮೆ ಕೇಳಬೇಕಿತ್ತು ಅಂತ ಗೆಳೆಯರು ಈಗಲೂ ಅನ್ನುತ್ತಾರೆ. ಕೇಳಲಿ. ಮುಂಬೈ ದಾಳಿಯಾದಾಗ, ದೊಡ್ಡ ಊರಲ್ಲಿ ಇಂಥ ಸಣ್ಣ ಘಟನೆ ಆಗುತ್ತವೆ ಅಂದ ಮಹಾರಾಷ್ಟ್ರದ ಗೃಹ ಸಚಿವ ಆರ್.ಆರ್. ಪಾಟೀಲ್ 2008ರ ಡಿಸೆಂಬರ್ 1ರಂದು ರಾಜೀನಾಮೆ ಕೊಟ್ಟಿದ್ದರು. ಮರುವರ್ಷ ಚುನಾವಣೆ ಮುಗಿದ ಮೇಲೆ ಅದೇ ಖಾತೆಗೆ ವಾಪಸ್ ಬಂದರು.

ಆ ಅರ್ಜಿಯ ನಮೂನೆ ನನ್ನ ಕಂಪ್ಯೂಟರಿನಲ್ಲಿ ಹಾಗೇ ಇದೆ. ಬೇಕಾದವರು ಬಂದು ತಗೊಳ್ಳಬಹುದು. ಹೆಸರು, ತಾರೀಖು ಬದಲಿಸಿದರೆ ಸಾಕು, ಸರ್ಕಾರ ಯಾರದಿದ್ದರೂ ನಡೆಯುತ್ತದೆ.