ಯಹೂದಿ ಹಬ್ಬದ ದಿನವೇ ಪರೀಕ್ಷೆ ಯಾಕೆ ಇಡ್ತಾರೆ?

ನಾನು ನ್ಯೂಯಾರ್ಕ್ ರಾಜ್ಯದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಇಲ್ಲಿಗೆ ಹೊಸದಾಗಿ ಓದಲು ಬಂದ ಕನ್ನಡದ ಹುಡುಗರು ಸೆಪ್ಟೆಂಬರ್ ಬಂತೆಂದರೆ ಕೇಳುತ್ತಾರೆ: "ಹಬ್ಬ ಯಾವಾಗ ಅಂತ ಮೊದಲೇ ಗೊತ್ತಿರುತ್ತಲ್ವಾ? ಅದೇ ದಿನ ಯಾಕೆ ಪರೀಕ್ಷೆ? ಎಲ್ಲರಿಗೂ ರಜೆ ಕೊಟ್ಟುಬಿಟ್ಟರೆ ಮುಗೀತಲ್ಲ?"

ಗೊತ್ತಿರುತ್ತದೆ. ನೂರು ವರ್ಷ ಮುಂದಿನದೂ ಲೆಕ್ಕ ಹಾಕಬಹುದು. ಯಹೂದಿಗಳದ್ದೂ ಚಂದ್ರನ ತಿಂಗಳುಗಳ ಪಂಚಾಂಗ. 19 ವರ್ಷಕ್ಕೆ 7 ಸಲ ಅವರಿಗೂ ಅಧಿಕ ಮಾಸ ಬರುತ್ತದೆ. ಅಮಾವಾಸ್ಯೆಯ ಬೆನ್ನಿಗೆ ಹೊಸ ವರ್ಷ ರೋಶ್ ಹಶಾನಾ, ಹತ್ತನೇ ದಿನ ಯೋಮ್ ಕಿಪ್ಪುರ್. 2024ರಲ್ಲೂ 2025ರಲ್ಲೂ ಯೋಮ್ ಕಿಪ್ಪುರ್ ನಮ್ಮ ವಿಜಯದಶಮಿಯ ದಿನವೇ ಬಂತು. ನಮಗೆ ಬನ್ನಿ ಹಂಚುವ ಸಂಭ್ರಮ, ಅವರಿಗೆ 25 ಗಂಟೆ ನೀರೂ ಮುಟ್ಟದ ಉಪವಾಸ.

ಪರೀಕ್ಷೆ ಯಾಕೆ ಬೀಳುತ್ತದೆ ಅಂದರೆ, ಯಾರೂ ನೋಡುವುದಿಲ್ಲ, ಅಷ್ಟೆ. ದ್ವೇಷವೇನೂ ಇಲ್ಲ. ಹೋದ ವರ್ಷದ ಸಿಲಬಸ್ (ಇಲ್ಲಿ ಪಾಠದ ಜೊತೆ ಪರೀಕ್ಷೆಯ ದಿನಗಳೂ ಅದರಲ್ಲೇ ಇರುತ್ತವೆ) ತೆಗೆದು ತಾರೀಖು ತಿದ್ದುತ್ತಾರೆ. ಕ್ರಿಸ್ಮಸ್ ಹೇಗೂ ಚಳಿಗಾಲದ ರಜೆಯೊಳಗೆ ಬರುತ್ತದೆ, ಭಾನುವಾರ ಹೇಗೂ ಕ್ಲಾಸಿಲ್ಲ. ಹಾಗಾಗಿ ಹೆಚ್ಚಿನವರಿಗೆ ಹಬ್ಬ ನೋಡಿಕೊಂಡು ದಿನ ಗೊತ್ತುಮಾಡುವ ಅಭ್ಯಾಸವೇ ಇಲ್ಲ.

ಇದರ ಪೆಟ್ಟು ಎಷ್ಟು ಅಂತ ತಿಳಿಯಲು 2025 ನೋಡಿ. ರೋಶ್ ಹಶಾನಾ ಸೆಪ್ಟೆಂಬರ್ 23, 24. ಯೋಮ್ ಕಿಪ್ಪುರ್ ಅಕ್ಟೋಬರ್ 2. ಸುಕ್ಕೋತ್ ಹಬ್ಬದ ಮೊದಲೆರಡು ದಿನ 7 ಮತ್ತು 8, ಕೊನೆಯ ಹಬ್ಬಗಳು 14 ಮತ್ತು 15. ಬಹಳ ಜನ ಯಹೂದಿಗಳು ಮೊದಲ ಎರಡು ಹಬ್ಬ ಮಾತ್ರ ಆಚರಿಸುತ್ತಾರೆ. ಆದರೆ ಎಲ್ಲವನ್ನೂ ಪಾಲಿಸುವ ಒಬ್ಬ ವಿದ್ಯಾರ್ಥಿಗೆ ಮಂಗಳವಾರ ಲ್ಯಾಬ್ ಇದೆ ಅಂದುಕೊಳ್ಳಿ. ನಾಲ್ಕು ವಾರದಲ್ಲಿ ಮೂರು ಲ್ಯಾಬ್ ಹೋಯಿತು. ಅದೂ ಮಿಡ್‌ಟರ್ಮ್ ಹತ್ತಿರ ಬರುವಾಗ.

"ಆನ್‌ಲೈನಲ್ಲಿ ಬರೆಯಲಿ ಬಿಡಿ" ಅನ್ನುವವರು ಇದ್ದಾರೆ. ಸಂಪ್ರದಾಯಸ್ಥರು ಈ ದಿನಗಳಲ್ಲಿ ಪೆನ್ನು ಹಿಡಿಯುವುದಿಲ್ಲ, ಲ್ಯಾಪ್‌ಟಾಪ್ ತೆರೆಯುವುದಿಲ್ಲ, ಫೋನನ್ನೂ ಮುಟ್ಟುವುದಿಲ್ಲ. ಹಾಸ್ಟೆಲಿನ ಬಾಗಿಲಿಗೆ ಕಾರ್ಡ್ ಉಜ್ಜುವುದೂ ಅವರಿಗೆ ತೊಡಕೇ. ಜೊತೆಗೆ ಅವರ ದಿನ ಶುರುವಾಗುವುದು ಹಿಂದಿನ ಸಂಜೆ, ಸೂರ್ಯ ಮುಳುಗಿದಾಗ.

ಹಾಗಾದರೆ ರಜೆ? ಯಹೂದಿ ಸಮುದಾಯ 1948ರಲ್ಲಿ ಕಟ್ಟಿದ ಬ್ರಾಂಡೈಸ್ ವಿಶ್ವವಿದ್ಯಾಲಯ ಹಬ್ಬಕ್ಕೆ ಕ್ಲಾಸು ನಿಲ್ಲಿಸುತ್ತದೆ. ಇಸ್ರೇಲಿನಲ್ಲಂತೂ ಶೈಕ್ಷಣಿಕ ವರ್ಷ ಶುರುವಾಗುವುದೇ ಈ ಹಬ್ಬಗಳು ಮುಗಿದ ಮೇಲೆ. ಎಲ್ಲ ಕಡೆಯೂ ಹಾಗೆ ಮಾಡಿ ಅಂತ ನಾನು ಹೇಳಲಾರೆ. ಈದ್ ಇದೆ, ದೀಪಾವಳಿ ಇದೆ, ಸೆಮಿಸ್ಟರ್ ಇರುವುದೇ ಸುಮಾರು 15 ವಾರ. ಕ್ಲಾಸು ನಡೆಯಲಿ. ಆ ದಿನಗಳಲ್ಲಿ ಪರೀಕ್ಷೆ, ಲ್ಯಾಬ್, ಡೆಡ್‌ಲೈನ್ ಬೇಡ, ಅಷ್ಟು ಸಾಕು.

ನ್ಯೂಯಾರ್ಕಿನಲ್ಲಿ ಕಾನೂನೇ ಇದೆ: ಧಾರ್ಮಿಕ ಕಾರಣಕ್ಕೆ ಬಾರದವರಿಗೆ ತಪ್ಪಿದ ಪರೀಕ್ಷೆಗೆ ಬದಲಿ ಅವಕಾಶ ಕೊಡಬೇಕು, ಅದಕ್ಕೆ ಶುಲ್ಕ ಕೇಳುವಂತಿಲ್ಲ. ಆದರೆ ಕಾನೂನಿದ್ದರೂ ಹೋಗಿ ಕೇಳಬೇಕಾದವನು ವಿದ್ಯಾರ್ಥಿಯೇ. ಹದಿನೆಂಟು ವರ್ಷದ ಹುಡುಗ, ಸೆಮಿಸ್ಟರಿನ ಮೊದಲ ವಾರ, ಮುಖಪರಿಚಯವೂ ಇಲ್ಲದ ಐದು ಪ್ರೊಫೆಸರುಗಳಿಗೆ ಐದು ಇಮೇಲ್. ಒಬ್ಬರು "ಸರಿ" ಅನ್ನುತ್ತಾರೆ, ಇನ್ನೊಬ್ಬರು ರಬ್ಬಿಯಿಂದ, ಅಂದರೆ ಯಹೂದಿ ಧರ್ಮಗುರುವಿನಿಂದ, ಪತ್ರ ತಾ ಅನ್ನುತ್ತಾರೆ. ಎಷ್ಟೋ ಜನ ಕೇಳುವ ಗೋಜಿಗೇ ಹೋಗದೆ, ಉಪವಾಸದಲ್ಲೇ ಬಂದು ಸುಮ್ನೆ ಬರೆದು ಹೋಗುತ್ತಾರೆ. ಸಿಲಬಸ್ಸಿನಲ್ಲಿ ನಾವೇ ಒಂದು ಸಾಲು ಬರೆದರೆ ಈ ಅಲೆದಾಟವೇ ಇರುವುದಿಲ್ಲ.

2026ರಲ್ಲಿ ರೋಶ್ ಹಶಾನಾ ಶನಿವಾರ, ಭಾನುವಾರ. ಸುಕ್ಕೋತ್‌ನ ಮೊದಲೆರಡು ದಿನವೂ ಹಾಗೆಯೇ. ತೊಂದರೆ ಬಲು ಕಡಿಮೆ. ಕ್ಲಾಸಿನ ದಿನ ಬರುವುದು ಯೋಮ್ ಕಿಪ್ಪುರ್, ಸೆಪ್ಟೆಂಬರ್ 21, ಸೋಮವಾರ. ಭಾನುವಾರ ರಾತ್ರಿ 11:59ಕ್ಕೆ ಅಸೈನ್‌ಮೆಂಟ್ ಕೇಳುವವರು ಅದನ್ನು ಶುಕ್ರವಾರಕ್ಕೋ ಬುಧವಾರಕ್ಕೋ ಸರಿಸಿಕೊಳ್ಳಿ. ಉಪವಾಸ ಶುರುವಾಗುವುದು 20ರ ಸಂಜೆಯೇ.